ಚೌಬಾರಾದಿಂದ ಶುರು: ಬೀದರ್‌ನಲ್ಲಿ ಗೈಡ್ ಹುಡುಗಿಯರ ನಗರ ಬ್ಯಾಡ್ಜ್

ಬೀದರ್‌ನ ಹಳೇ ಊರು ಕಾಲ್ನಡಿಗೆಯ ಅಳತೆಯಲ್ಲಿದೆ. ನಡುವೆ ನಿಂತ ಚೌಬಾರಾ ಗೋಪುರದಿಂದ ಮಹಮೂದ್ ಗವಾನನ ಮದರಸಾಕ್ಕೆ ಐದಾರು ನಿಮಿಷ, ಅಲ್ಲಿಂದ ಕೋಟೆಯ ಬಾಗಿಲಿಗೆ ಮತ್ತೊಂದು ಕಾಲು ಗಂಟೆ. ಇಷ್ಟು ಹತ್ತಿರವಿದ್ದರೂ ಇದೇ ಊರಲ್ಲಿ ಹುಟ್ಟಿ ಬೆಳೆದ ಎಷ್ಟೋ ಹುಡುಗಿಯರು ಚೌಬಾರಾದ ಕೆಳಗೆ ನಿಂತು ತಲೆಯೆತ್ತಿ ನೋಡಿರುವುದಿಲ್ಲ. ಅಪ್ಪನ ಗಾಡಿಯ ಹಿಂದೆ ಕೂತೋ, ಅವ್ವನ ಕೈ ಹಿಡಿದೋ ಅದನ್ನು ದಾಟಿರುತ್ತಾರೆ. ನಿಲ್ಲುವುದಕ್ಕೆ ಒಂದು ಕಾರಣ ಬೇಕು. ನಗರ ಬ್ಯಾಡ್ಜ್ ಸವಾಲು ಕೊಡುವುದು ಆ ಕಾರಣವನ್ನೇ.

ಇದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್‌ನ ಸೋಪಾನ ಪಠ್ಯಕ್ರಮದಲ್ಲಿ, ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ಹಂತಗಳಲ್ಲಿ, ಇರುವ ಬ್ಯಾಡ್ಜ್ ಅಲ್ಲ. ಒಂದು ಗೈಡ್ ಕಂಪನಿ, ಅಂದರೆ ಗೈಡ್ ಹುಡುಗಿಯರ ದಳ, ತನ್ನ ಊರಿಗೆ ತಕ್ಕಂತೆ ತಾನೇ ಕಟ್ಟಿಕೊಳ್ಳುವ ಸವಾಲು. ಹಾಗಾಗಿ ಗೆದ್ದ ಬ್ಯಾಡ್ಜನ್ನು ಸಮವಸ್ತ್ರದ ಮೇಲೆ ಹೊಲಿಯುವಂತಿಲ್ಲ, ಶಿಬಿರಕ್ಕೆ ಒಯ್ಯುವ ಚೀಲಕ್ಕೋ ಹೊದಿಕೆಗೋ ಹೊಲಿದುಕೊಳ್ಳಬೇಕು. ಇದನ್ನು ಮೊದಲ ದಿನವೇ ಹೇಳಿಬಿಡುವುದು ಒಳ್ಳೆಯದು. ಕೊನೆಗೆ ಹೇಳಿದರೆ ಹುಡುಗಿಯರ ಮುಖ ಸಣ್ಣದಾಗುತ್ತದೆ. ಆದರೆ ಸೋಪಾನಗಳಿಗೆ ಕಲಿತದ್ದೆಲ್ಲ ಇಲ್ಲಿ ಕೆಲಸಕ್ಕೆ ಬರುತ್ತದೆ: ದಿಕ್ಸೂಚಿ, ಹೆಜ್ಜೆ ಲೆಕ್ಕ, ಎತ್ತರದ ಅಂದಾಜು, ಕೈನಕ್ಷೆ, ಪ್ರಥಮ ಚಿಕಿತ್ಸೆ. ಶಾಲೆಯ ಮೈದಾನದಲ್ಲಿ ಬೇವಿನ ಮರದ ಎತ್ತರ ಅಳೆದವಳು ಇಲ್ಲಿ ಮಿನಾರಿನ ಎತ್ತರ ಅಳೆಯುತ್ತಾಳೆ.

ನಾವು ನಡೆಸಿಕೊಂಡು ಬಂದ ಕ್ರಮದಲ್ಲಿ ಬ್ಯಾಡ್ಜ್ ಕೊಡುವ ದಿನ ಫೆಬ್ರುವರಿ 22, ಗೈಡ್‌ಗಳ ವಿಶ್ವ ಚಿಂತನಾ ದಿನ. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ನಡಿಗೆಗಳೆಲ್ಲ ನವೆಂಬರ್‌ನಿಂದ ಜನವರಿಯೊಳಗೆ ಮುಗಿಯುತ್ತವೆ, ಬೀದರ್‌ನ ಹವೆಗೂ ಅದೇ ಸರಿ. ಮಾರ್ಚ್ ಆದಮೇಲೆ ಕೋಟೆಯ ಬಯಲಲ್ಲಿ ನೆರಳು ಸಿಗುವುದಿಲ್ಲ, ಪರೀಕ್ಷೆಯೂ ಬಂದಿರುತ್ತದೆ. ಮಳೆಗಾಲದಲ್ಲಿ ಜಂಬಿಟ್ಟಿಗೆ ಕಲ್ಲಿನ ಮೆಟ್ಟಿಲುಗಳು ಪಾಚಿಗಟ್ಟಿ ಜಾರುತ್ತವೆ. ದಿನ ಗೊತ್ತು ಮಾಡುವಾಗ ಹಬ್ಬ, ಉಪವಾಸ, ಶುಕ್ರವಾರದ ನಮಾಜಿನ ಹೊತ್ತು, ಕೋಟೆಯೊಳಗಿನ ಮ್ಯೂಸಿಯಂನ ರಜೆ, ಇಷ್ಟನ್ನೂ ಪಂಚಾಂಗ ನೋಡಿದ ಹಾಗೆ ನೋಡಿಕೊಳ್ಳಬೇಕು.

ಹುಡುಗಿಯರನ್ನು ಕರೆದೊಯ್ಯುವ ಮುಂಚೆ ಕ್ಯಾಪ್ಟನ್‌ಗಳು, ಅಂದರೆ ಕಂಪನಿ ನಡೆಸುವ ಹಿರಿಯರು, ಅದೇ ದಾರಿಯಲ್ಲಿ, ಅದೇ ವಾರ, ಅದೇ ಹೊತ್ತಿಗೆ ಒಮ್ಮೆ ನಡೆಯಬೇಕು. ಭಾನುವಾರದ ಬೀದಿಯನ್ನು ನೋಡಿಕೊಂಡು ಬಂದು ಸೋಮವಾರ ಮಕ್ಕಳನ್ನು ಕರೆದೊಯ್ದರೆ ಅದು ಬೇರೆಯೇ ಬೀದಿ. ಈ ನಡಿಗೆಯಲ್ಲಿ ಬರೆದುಕೊಳ್ಳುವ ಮೊದಲ ವಿಷಯ ಶೌಚಾಲಯ. ಎಲ್ಲಿದೆ, ಎಷ್ಟು ಹೊತ್ತಿಗೆ ತೆರೆಯುತ್ತದೆ, ಒಳಗೆ ನೀರಿದೆಯೇ, ಚಿಲಕ ಬೀಳುತ್ತದೆಯೇ. ಹುಡುಗಿಯರ ಗುಂಪಿನ ದಾರಿ ನಿರ್ಧಾರವಾಗುವುದು ಇದರಿಂದ. ಶೌಚಾಲಯ ಎಲ್ಲಿದೆ ಎಂದು ಗೊತ್ತಿಲ್ಲದ ಹುಡುಗಿ ನೀರು ಕುಡಿಯುವುದಿಲ್ಲ. ನೀರು ಕುಡಿಯದವಳು ಹತ್ತು ಗಂಟೆಯ ಬಿಸಿಲಿಗೇ ತಲೆ ತಿರುಗಿ ಕೂರುತ್ತಾಳೆ. ದಾರಿಯಲ್ಲಿ ಶೌಚಾಲಯ ಸರಿಯಿಲ್ಲದಿದ್ದರೆ ನಡುವೆ ಒಂದು ಶಾಲೆಯನ್ನೋ ಪರಿಚಯದ ಮನೆಯನ್ನೋ ಮೊದಲೇ ಕೇಳಿ ಒಪ್ಪಿಸಿಕೊಂಡಿರಬೇಕು.

ಪತ್ರಗಳು ಮೂರು. ತಾಯಿ ತಂದೆಯ ಒಪ್ಪಿಗೆ ಪತ್ರದಲ್ಲಿ ಹೊರಡುವ ಮತ್ತು ಮರಳುವ ಹೊತ್ತು, ದಾರಿ, ಜೊತೆಗಿರುವ ಹಿರಿಯರ ಹೆಸರು, ಮಗುವಿನ ಅಲರ್ಜಿ ಮತ್ತು ಔಷಧ ಇರಬೇಕು. ಎರಡನೆಯದು ಶಾಲೆಯ ಮುಖ್ಯಸ್ಥರಿಗೆ. ಮೂರನೆಯದು ಹತ್ತಿರದ ಪೊಲೀಸ್ ಠಾಣೆಗೆ, ಬರೀ ಮಾಹಿತಿಗಾಗಿ. ಸ್ಮಾರಕದ ಆವರಣದಲ್ಲಿ ಬ್ಯಾನರ್ ಕಟ್ಟುವ, ಮೈಕ್ ಹಚ್ಚುವ ಯೋಚನೆಯಿದ್ದರೆ ಭಾರತೀಯ ಪುರಾತತ್ವ ಇಲಾಖೆಯ ಅನುಮತಿ ಬೇಕು. ಎರಡನ್ನೂ ಮಾಡದಿರುವುದೇ ನಮ್ಮ ಸಲಹೆ, ಯಾಕೆಂದರೆ ಮೈಕ್ ಬಂದರೆ ಭಾಷಣ ಬರುತ್ತದೆ.

ಕೆಲಸಗಳ ಹಾಳೆಯಲ್ಲಿ ಹನ್ನೆರಡು ಕೆಲಸ ಇಡುತ್ತೇವೆ. ಗೈಡ್‌ಗಳಿಗಿಂತ ಚಿಕ್ಕವರಾದ ಬುಲ್‌ಬುಲ್ ಮಕ್ಕಳಿಗೆ ನಾಲ್ಕು ಸಾಕು, ಗೈಡ್‌ಗಳಿಗೆ ಎಂಟು. ಅವರಿಗಿಂತ ದೊಡ್ಡವರಾದ ರೇಂಜರ್‌ಗಳು ಹತ್ತು ಮಾಡಿ, ಜೊತೆಗೆ ಒಂದು ಕೆಲಸ ತಾವೇ ಹುಟ್ಟುಹಾಕಬೇಕು. ಗೈಡ್‌ಗಳಿಗೆ ಮೂರು ಕಡ್ಡಾಯ: ಕೈನಕ್ಷೆ, ಒಬ್ಬ ಕಸುಬುದಾರರೊಡನೆ ಮಾತುಕತೆ, ಮತ್ತು ಮುಂದೆ ವಿವರಿಸುವ ಹುಡುಗಿಯರ ನಕ್ಷೆ. ಉಳಿದವನ್ನು ಪ್ಯಾಟ್ರೋಲ್, ಅಂದರೆ ಕಂಪನಿಯೊಳಗಿನ ಆರೆಂಟು ಹುಡುಗಿಯರ ಗುಂಪು, ಕೂತು ಆರಿಸಿಕೊಳ್ಳಲಿ. ಕೆಲಸ ಬರೆಯುವಾಗ ಒಂದು ಪರೀಕ್ಷೆ ಮಾಡಿ ನೋಡಬೇಕು. ಉತ್ತರ ಫೋನಿನಲ್ಲಿ ಸಿಗುತ್ತದೆಯೇ? ಸಿಗುತ್ತದೆ ಎಂದಾದರೆ ಆ ಕೆಲಸ ತೆಗೆದುಹಾಕಿ. ‘ಮದರಸಾ ಕಟ್ಟಿದ್ದು ಯಾವ ವರ್ಷ’ ಎಂದು ಕೇಳಿದರೆ 1472 ಎಂದು ಮನೆಯಲ್ಲೇ ಬರೆದುಕೊಂಡು ಬರುತ್ತಾರೆ. ‘ಮಿನಾರಿನ ಮೇಲಿನ ಅಂಕುಡೊಂಕು ಪಟ್ಟಿಯಲ್ಲಿ ಇನ್ನೂ ಬಣ್ಣ ಉಳಿದಿರುವುದು ಯಾವ ಬದಿಗೆ’ ಎಂದು ಕೇಳಿದರೆ ಸುತ್ತು ಹಾಕಿ ನೋಡಲೇಬೇಕು.

ಜಾಡಿನ ಗುರುತುಗಳನ್ನು ಬಳಸುವ ಆಸೆ ಎಲ್ಲ ಗೈಡ್‌ಗಳಿಗೂ ಇರುತ್ತದೆ. ಸೀಮೆಸುಣ್ಣದ ಬಾಣ ಗೋಡೆಯ ಮೇಲೆ ಬೀಳುವ ಅಪಾಯ ಇರುವುದು ಇಲ್ಲೇ. ಸಂರಕ್ಷಿತ ಸ್ಮಾರಕವನ್ನು ಕೆಡಿಸಿದರೆ 1958ರ ಕಾಯ್ದೆಯಂತೆ ಎರಡು ವರ್ಷದವರೆಗೆ ಸೆರೆ, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಆದ್ದರಿಂದ ಸೀಮೆಸುಣ್ಣ ಚೀಲದಲ್ಲಿ ಇರಲೇಬಾರದು. ಗುರುತು ಬೇಕಿದ್ದರೆ ಸ್ಮಾರಕದ ಹೊರಗಿನ ಮಣ್ಣಿನ ಮೇಲೆ ಕಡ್ಡಿಯಿಂದ ಮಾಡಲಿ, ಕೊನೆಯ ಪ್ಯಾಟ್ರೋಲ್ ಅಳಿಸಿಕೊಂಡು ಬರಲಿ.

ಮೊದಲ ನಡಿಗೆ ಚೌಬಾರಾದಿಂದ. ದುಂಡನೆಯ, 71 ಅಡಿ ಎತ್ತರದ ಈ ಗೋಪುರ ಹಳೇ ಊರಿನ ನಟ್ಟನಡುವೆ ಇದೆ. ದಾರಿಗಳು ಇಲ್ಲಿಂದ ನಾಲ್ಕು ದಿಕ್ಕಿಗೆ ಒಡೆಯುತ್ತವೆ. ನಕ್ಷೆ ಕಲಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಈ ಸೀಮೆಯಲ್ಲಿ ನಮಗೆ ಕಂಡಿಲ್ಲ. ಪ್ರತಿ ಪ್ಯಾಟ್ರೋಲ್‌ಗೂ ಒಂದು ಖಾಲಿ ಹಾಳೆ, ಅದರಲ್ಲಿ ಒಂದೇ ಚುಕ್ಕೆ: ಚೌಬಾರಾ. ಉಳಿದದ್ದೆಲ್ಲ ಅವರೇ ತುಂಬಬೇಕು. ಇದಕ್ಕೆ ಹೆಜ್ಜೆಯ ಅಳತೆ ಮೊದಲೇ ಸಿದ್ಧವಿರಬೇಕು. ಶಾಲೆಯ ಮೈದಾನದಲ್ಲಿ 100 ಮೀಟರ್ ಅಳೆದು, ಮೂರು ಸಲ ನಡೆದು, ಸರಾಸರಿ ತೆಗೆಯುವುದು. 160 ಹೆಜ್ಜೆ ಬಂದರೆ ಒಂದು ಹೆಜ್ಜೆ 62.5 ಸೆಂಟಿಮೀಟರ್. ಗದ್ದಲದ ಬೀದಿಯಲ್ಲಿ ಹೆಜ್ಜೆ ತಾನಾಗಿ ಗಿಡ್ಡವಾಗಿ ಎಣಿಕೆ ಹೆಚ್ಚಾಗುತ್ತದೆ, ನಕ್ಷೆಯಲ್ಲಿ ದೂರ ಉಬ್ಬುತ್ತದೆ. ಅಂಗಡಿಗಳ ಶಟರ್ ಏಳುವ ಮುಂಚೆ ಬೆಳಿಗ್ಗೆ ಏಳರ ಹೊತ್ತಿಗೆ ನಡೆದರೆ ಈ ತೊಂದರೆ ಕಡಿಮೆ. ಎ-4 ಹಾಳೆಗೆ 1 ಸೆಂಟಿಮೀಟರಿಗೆ 20 ಮೀಟರ್ ಎಂಬ ಪ್ರಮಾಣ ಸರಿಹೋಗುತ್ತದೆ, 400 ಮೀಟರ್ ದಾರಿ 20 ಸೆಂಟಿಮೀಟರಿನಲ್ಲಿ ಮುಗಿಯುತ್ತದೆ. ಹುಡುಗಿಯರು ಸಾಮಾನ್ಯವಾಗಿ ಆರಿಸುವುದು 10 ಮೀಟರ್. ಆಗ ಮದರಸಾ ಹಾಳೆಯಿಂದ ಆಚೆ ಹೋಗುತ್ತದೆ. ಒಮ್ಮೆ ಆಚೆ ಹೋಗಲಿ ಬಿಡಿ, ಪ್ರಮಾಣ ಯಾಕೆ ಬೇಕು ಎಂಬುದು ಅಷ್ಟರಲ್ಲೇ ತಿಳಿಯುತ್ತದೆ.

ದಿಕ್ಸೂಚಿಯನ್ನು ಸೊಂಟದ ಮಟ್ಟದಲ್ಲಿ ಮಲಗಿಸಿ ಹಿಡಿಯಬೇಕು, ಸ್ಕೂಟರ್, ಶಟರ್, ಕಬ್ಬಿಣದ ಬೇಲಿಯಿಂದ ಮೂರು ಮೀಟರ್ ದೂರ ನಿಲ್ಲಬೇಕು. ಎರಡು ಪ್ಯಾಟ್ರೋಲ್‌ಗಳ ಉತ್ತರ ದಿಕ್ಕು ಬೇರೆ ಬೇರೆ ಬಂದರೆ ಯಾರೋ ಒಬ್ಬರು ಕಬ್ಬಿಣಕ್ಕೆ ಹತ್ತಿರ ನಿಂತಿದ್ದಾರೆ ಎಂದೇ ಅರ್ಥ.

ಚೌಬಾರಾದ ಎತ್ತರ ಅಂದಾಜು ಮಾಡುವುದಕ್ಕೆ ಪೆನ್ಸಿಲ್ ವಿಧಾನವೇ ಸಾಕು. ಐದಡಿ ಎತ್ತರದ ಹುಡುಗಿ ಬುಡದಲ್ಲಿ ನಿಲ್ಲಲಿ. ಇನ್ನೊಬ್ಬಳು ದೂರದಲ್ಲಿ, ಬೀದಿಯ ಅಂಚಿನಲ್ಲಿ, ತೋಳು ಪೂರ್ತಿ ಚಾಚಿ ಪೆನ್ಸಿಲಿನ ಮೇಲೆ ಆ ಹುಡುಗಿಯ ಎತ್ತರ ಹಿಡಿದು, ಅದು ಗೋಪುರಕ್ಕೆ ಎಷ್ಟು ಸಲ ಹತ್ತುತ್ತದೆ ಎಂದು ಎಣಿಸಲಿ. ಹದಿನಾಲ್ಕಕ್ಕೆ ಕೊಂಚ ಮೇಲೆ ಬರಬೇಕು. ಹತ್ತು, ಹನ್ನೊಂದು ಬಂದರೆ ಅವಳು ಬಹಳ ಹತ್ತಿರ ನಿಂತಿದ್ದಾಳೆ, ಇಲ್ಲವೇ ಎಣಿಸುವಾಗ ಮೊಣಕೈ ಮಡಚಿದ್ದಾಳೆ.

ಮದರಸಾಕ್ಕೆ ಬೆಳಿಗ್ಗೆಯೇ ಹೋಗಬೇಕು. ಅದರ ಮುಖ ಪೂರ್ವಕ್ಕಿದೆ, ಎಳೆಬಿಸಿಲು ನೇರವಾಗಿ ಬಿದ್ದಾಗ ಹೆಂಚಿನ ನೀಲಿ, ಹಳದಿ, ಬಿಳಿ ಎದ್ದು ಕಾಣುತ್ತವೆ. ಮಧ್ಯಾಹ್ನದ ಮೇಲೆ ಅದೇ ಗೋಡೆ ನೆರಳಿಗೆ ಸರಿದು ಮಂಕಾಗುತ್ತದೆ. ಪರ್ಷಿಯಾದ ಗಿಲಾನ್‌ನಿಂದ ಬಂದು ಬಹಮನಿ ಸುಲ್ತಾನರ ಮಂತ್ರಿಯಾದ ಮಹಮೂದ್ ಗವಾನ್ ಕಟ್ಟಿಸಿದ ಮೂರು ಅಂತಸ್ತಿನ ವಿದ್ಯಾಲಯ ಇದು. ಅವನು 1481ರಲ್ಲಿ ಸುಲ್ತಾನನ ಆಜ್ಞೆಯಿಂದಲೇ ಪ್ರಾಣ ಕಳೆದುಕೊಂಡ. 1696ರಲ್ಲಿ, ಔರಂಗಜೇಬನ ಸೈನ್ಯದ ವಶದಲ್ಲಿದ್ದಾಗ, ಒಳಗಿಟ್ಟಿದ್ದ ಮದ್ದು ಸ್ಫೋಟಗೊಂಡು ಮುಂಭಾಗದ ದಕ್ಷಿಣ ಪಾಲು, ಒಂದು ಮಿನಾರು, ಮಹಾದ್ವಾರ ಎಲ್ಲ ಹೋದವು. ಉಳಿದದ್ದು ಉತ್ತರದ ಮಿನಾರು.

ಇಲ್ಲಿಯ ಕೆಲಸ ನಮಗೆ ಎಲ್ಲಕ್ಕಿಂತ ಇಷ್ಟವಾದದ್ದು. ಹಾಳೆಯನ್ನು ನಡುವೆ ಮಡಚಿ, ಬಲ ಅರ್ಧದಲ್ಲಿ ಉಳಿದ ಭಾಗವನ್ನು ನೋಡಿ ಬರೆಯುವುದು. ಆಮೇಲೆ ಬಿಚ್ಚಿ, ಎಡ ಅರ್ಧದಲ್ಲಿ ಇಲ್ಲದ ಭಾಗವನ್ನು ತಾವೇ ಕಟ್ಟುವುದು. ಕಮಾನುಗಳೆಷ್ಟು, ಅಂತಸ್ತಿನ ಗೆರೆ ಎಲ್ಲಿ, ಮಿನಾರಿನ ಬುಡ ಎಷ್ಟು ದಪ್ಪ ಎಂದು ಮತ್ತೆ ಮತ್ತೆ ತಲೆಯೆತ್ತಿ ನೋಡದೆ ಇದು ಆಗದು. ಇದಕ್ಕೆ ಪೂರ್ತಿ 40 ನಿಮಿಷ ಕೊಡಬೇಕು. 15 ನಿಮಿಷ ಕೊಟ್ಟರೆ ಮಿನಾರಿನ ಬದಲು ಐಸ್ಕ್ರೀಮ್ ಕೋನ್ ಬರೆದು ಕೊಡುತ್ತಾರೆ. ಚಿತ್ರ ಬರುವುದಿಲ್ಲ ಎಂದು ಹಿಂಜರಿಯುವವರಿಗೆ ಕಮಾನುಗಳನ್ನು ಎಣಿಸಿ ಪಟ್ಟಿ ಮಾಡುವ ಕೆಲಸ ಕೊಡಿ, ಬರೆಯುವವಳಿಗೆ ಆ ಪಟ್ಟಿ ಬೇಕೇ ಬೇಕು.

ಮಿನಾರಿನ ಎತ್ತರ ಲಾಠಿಯಿಂದ. ಗೈಡ್‌ಗಳು ಕಲಿಯುವ ರೂಢಿಯ ವಿಧಾನದಲ್ಲಿ ಬುಡದಿಂದ 11 ಅಳತೆ ದೂರ ಹೋಗಿ ಲಾಠಿ ನೆಟ್ಟು, ಇನ್ನೊಂದು ಅಳತೆ ಹಿಂದೆ ಸರಿದು, ನೆಲಕ್ಕೆ ಕಣ್ಣಿಟ್ಟು ತುದಿ ನೋಡುತ್ತಾರೆ. ದೃಷ್ಟಿ ಲಾಠಿಯನ್ನು ಮುಟ್ಟುವ ಜಾಗ ಎಷ್ಟು ಇಂಚೋ ಎತ್ತರ ಅಷ್ಟು ಅಡಿ. ಇಲ್ಲಿ ಅದು ಕೈಕೊಡುತ್ತದೆ, ಯಾಕೆಂದರೆ ಐದಡಿಯ ಲಾಠಿಯಲ್ಲಿ ಇರುವುದೇ 60 ಇಂಚು, ಮಿನಾರು 60 ಅಡಿಗಿಂತ ಎತ್ತರ. ದೃಷ್ಟಿ ಲಾಠಿಯ ಮೇಲಿಂದ ಹಾರಿಹೋಗುತ್ತದೆ. ಪರಿಹಾರ ಸುಲಭ. 11ರ ಬದಲು 35 ಅಳತೆ ಹೋಗಿ, ಒಂದು ಅಳತೆ ಹಿಂದೆ ಸರಿಯಿರಿ. ಈಗ ಒಂದು ಇಂಚಿಗೆ ಮೂರು ಅಡಿ. ಅಳತೆ ಯಾವುದಾದರೂ ಆದೀತು, ಜಾಗ ಕಡಿಮೆಯಿದ್ದರೆ ಒಂದು ಹೆಜ್ಜೆಯನ್ನೇ ಅಳತೆ ಮಾಡಿಕೊಳ್ಳಿ. ಲಾಠಿ ನೆಟ್ಟಗೆ ನಿಂತಿದೆಯೇ ಎಂದು ನೋಡಲು ದಾರಕ್ಕೆ ಕಲ್ಲು ಕಟ್ಟಿ ಪಕ್ಕದಲ್ಲಿ ಇಳಿಬಿಡಬೇಕು. ಒಂದು ಇಂಚು ವಾಲಿದರೂ ಲೆಕ್ಕ ಕೆಡುತ್ತದೆ. ದೂರವನ್ನು ಮಿನಾರಿನ ಹೊರಮೈಯಿಂದ ಅಳೆದರೆ ಉತ್ತರ ಕಡಿಮೆ ಬರುತ್ತದೆ, ತುದಿ ಇರುವುದು ನಡುವಿನಲ್ಲಿ. ಬುಡದ ಅಗಲದ ಅರ್ಧವನ್ನು ಸೇರಿಸಿಕೊಂಡೇ 35 ಎಣಿಸಬೇಕು. ಮಲಗುವವಳಿಗೆ ಒಂದು ಗೋಣಿಚೀಲ ಒಯ್ದರೆ ಸಮವಸ್ತ್ರ ಉಳಿಯುತ್ತದೆ.

ಕೋಟೆಗೆ ಬೇರೆ ದಿನ ಇಡುವುದು ಲೇಸು. ಒಂದೇ ದಿನ ಎರಡನ್ನೂ ಮುಗಿಸಲು ಹೋದರೆ ಕೋಟೆಯಲ್ಲಿ ಬರೀ ಕಾಲು ನಡೆಯುತ್ತವೆ, ಕಣ್ಣು ನಡೆಯುವುದಿಲ್ಲ. ಪುರಾತತ್ವ ಇಲಾಖೆಯ ಟಿಕೆಟ್ ಇರುವ ಸ್ಮಾರಕಗಳಲ್ಲಿ 15 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ, ಆದರೂ ವಯಸ್ಸಿನ ಪಟ್ಟಿ ಶಾಲೆಯ ಮೊಹರಿನೊಂದಿಗೆ ಕೈಯಲ್ಲಿರಲಿ. ಒಳಗೆ ಹೋಗುವ ಮುಂಚೆ ಕಂದಕದ ಹತ್ತಿರ ಒಂದು ಪ್ರಶ್ನೆ: ಇಷ್ಟು ಆಳವನ್ನು ಕಲ್ಲಿನಲ್ಲಿ ಹೇಗೆ ಕಡಿದರು? ಉತ್ತರ ಕಾಲಡಿಯಲ್ಲೇ ಇದೆ. ಜಂಬಿಟ್ಟಿಗೆ ನೆಲದೊಳಗೆ ಇದ್ದಾಗ ಮೆತ್ತಗಿದ್ದು, ಕಡಿದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಕಂದಕದಿಂದ ಬಂದ ಕಲ್ಲೇ ಗೋಡೆಗೂ ಒದಗಿತು ಎಂಬುದನ್ನು ಹುಡುಗಿಯರು ತಾವೇ ಊಹಿಸುತ್ತಾರೆ, ಹೇಳಿಕೊಡಬೇಡಿ. ಕಲ್ಲಿನ ಹಾಳೆಯಲ್ಲಿ ಕೆಂಪು ಜಂಬಿಟ್ಟಿಗೆ, ಕರಿಕಲ್ಲು, ಗಾರೆ, ಮೆರುಗು ಹೆಂಚು, ಮರ, ಈ ಐದೂ ಎಲ್ಲಿ ಸಿಕ್ಕವು ಎಂದು ಗುರುತು ಮಾಡಬೇಕು. ಉಗುರಿನಿಂದಲೂ ಕೆರೆಯುವಂತಿಲ್ಲ.

ಕೋಟೆಯ ಬಾಗಿಲುಗಳಲ್ಲಿ ಒಂದಾದ ಶರ್ಜಾ ದರ್ವಾಜಾದ ಹುಲಿಗಳನ್ನು ಎಲ್ಲರೂ ಕಂಡುಹಿಡಿಯುತ್ತಾರೆ. ಅದಕ್ಕಿಂತ ಒಳ್ಳೆಯ ಕೆಲಸ ಅಲ್ಲಿಂದ ಗುಂಬದ್ ದರ್ವಾಜಾದವರೆಗಿನ ದಾರಿ ಎಷ್ಟು ಸಲ, ಎತ್ತ ತಿರುಗುತ್ತದೆ ಎಂದು ದಿಕ್ಸೂಚಿ ಹಿಡಿದು ಬರೆಯುವುದು. ಒಬ್ಬಳು ಆನೆಯಾಗಿ ಓಡಿ ಬಂದರೆ ಎಲ್ಲಿ ವೇಗ ಮುರಿಯುತ್ತದೆ ಎಂದು ನಡೆದು ತೋರಿಸಲಿ. ಬುಲ್‌ಬುಲ್ ಮಕ್ಕಳಿಗೆ ಇದು ಬಲು ಖುಷಿ. ಓಟ ಬೇಡ, ದಾರಿಯಲ್ಲಿ ವಾಹನ ಬರುತ್ತವೆ.

ಕೋಟೆಯೊಳಗಿನ ಅರಮನೆ ರಂಗೀನ್ ಮಹಲಿಗೆ ಬೀಗ ಇರುವುದುಂಟು. ಕಾವಲುಗಾರರನ್ನು ಮೊದಲೇ ಕಂಡು, ಎಷ್ಟು ಜನ, ಎಷ್ಟು ಹೊತ್ತಿಗೆ ಎಂದು ಹೇಳಿಟ್ಟರೆ ತೆರೆಸಿಕೊಡುತ್ತಾರೆ. ಒಳಗೆ ಒಂದು ಸಲಕ್ಕೆ ಒಂದೇ ಪ್ಯಾಟ್ರೋಲ್. ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪನ್ನು ನೋಡುವುದಕ್ಕೆ ಒಂದೇ ಜಾಗದಲ್ಲಿ ನಿಲ್ಲದೆ ಅತ್ತಿತ್ತ ಸರಿದು ನೋಡಬೇಕು, ಬೆಳಕು ಬಿದ್ದ ಕೋನಕ್ಕೆ ತಕ್ಕಂತೆ ಅದು ಹೊಳೆಯುತ್ತದೆ. ಮರದ ಕಂಬಗಳ ಕೆತ್ತನೆಯನ್ನು ಮುಟ್ಟುವ ಆಸೆಯಾಗುತ್ತದೆ. ಬೆವರಿನ ಕೈ ಬಣ್ಣವನ್ನೂ ಮರವನ್ನೂ ತಿನ್ನುತ್ತದೆ ಎಂದು ಹೊರಗೇ ಹೇಳಿ ಒಳಗೆ ಕಳಿಸಿ. ಈ ಕಪ್ಪಿನ ಮೇಲಿನ ಬಿಳುಪನ್ನು ಮನಸ್ಸಲ್ಲಿಟ್ಟುಕೊಂಡೇ ಅವರು ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬಿದ್ರಿ ಕೆಲಸದವರ ಹತ್ತಿರ ಹೋಗಬೇಕು. ಅದಕ್ಕೇ ನಾವು ಬಿದ್ರಿಯನ್ನು ಕೋಟೆಯ ಮುಂಚೆ ಇಡದೆ ನಂತರ ಇಟ್ಟಿದ್ದೇವೆ.

ಬಿದ್ರಿ ಕಾರ್ಖಾನೆ ಎಂದರೆ ಹಲವು ಕಡೆ ಒಂದು ಕೋಣೆ. ನಾಲ್ಕೈದು ಜನ ನೆಲದ ಮೇಲೆ ಕೂತು ಕೆಲಸ ಮಾಡುವಲ್ಲಿಗೆ 30 ಹುಡುಗಿಯರನ್ನು ನುಗ್ಗಿಸಿದರೆ ಅವರಿಗೆ ಕೆಲಸ ನಿಂತಿತು, ಇವರಿಗೆ ಏನೂ ಕಾಣಲಿಲ್ಲ. ಪ್ಯಾಟ್ರೋಲ್ ಒಂದೊಂದಾಗಿ, 20 ನಿಮಿಷದಂತೆ ಕಳಿಸಬೇಕು. ಕೆಲಸ ತುಂಡಿನ ಲೆಕ್ಕದ್ದು, ಅವರ ಹೊತ್ತಿಗೆ ಬೆಲೆಯಿದೆ. ಹಾಗಾಗಿ ಕಂಪನಿಯ ಹಣದಿಂದ ಒಂದು ಸಣ್ಣ ಸಾಮಾನಾದರೂ ಕೊಳ್ಳುವುದು ನ್ಯಾಯ.

ಒಯ್ಯುವುದು ಎಂಟು ಚೀಟಿ, ಕಲಸಿ. ಎರಕ, ಅರದಿಂದ ಉಜ್ಜುವುದು, ಮೈಲುತುತ್ತದ ನೀರು ಹಚ್ಚಿ ಕಪ್ಪು ಮಾಡುವುದು, ಚೂಪು ಮೊಳೆಯಿಂದ ಚಿತ್ತಾರ ಗೀರುವುದು, ಉಳಿಯಿಂದ ಕಡಿಯುವುದು, ಬೆಳ್ಳಿಯ ತಂತಿ ಅಥವಾ ತಗಡನ್ನು ತಟ್ಟಿ ಕೂರಿಸುವುದು, ಮತ್ತೆ ಉಜ್ಜಿ ನುಣುಪು ಮಾಡುವುದು, ಕಡೆಗೆ ಬಿಸಿ ಮಾಡಿ ಕೋಟೆಯ ಮಣ್ಣಿನಿಂದ ಕಪ್ಪೇರಿಸುವುದು. ಹುಡುಗಿಯರು ನೋಡುತ್ತ, ಕೇಳುತ್ತ ಚೀಟಿಗಳನ್ನು ಸಾಲಾಗಿ ಜೋಡಿಸಬೇಕು. ಬಹುತೇಕ ಎಲ್ಲರೂ ಎಡವುವುದು ಕಪ್ಪಿನಲ್ಲಿ. ಕಪ್ಪು ಎರಡು ಸಲ ಬರುತ್ತದೆ. ಮೊದಲನೆಯದು ಗೀರು ಕಾಣಲೆಂದು ಹಚ್ಚುವ ತಾತ್ಕಾಲಿಕ ಕಪ್ಪು, ಉಜ್ಜಿದಾಗ ಹೋಗಿಬಿಡುತ್ತದೆ. ಎರಡನೆಯದು ಶಾಶ್ವತ. ಸತುವಿಗೆ ಸ್ವಲ್ಪವೇ ತಾಮ್ರ ಸೇರಿಸಿದ ಮಿಶ್ರಲೋಹ ಇದು, ಸಾಮಾನ್ಯವಾಗಿ ಹೇಳುವ ಪ್ರಮಾಣ 16ಕ್ಕೆ 1. ಬಿಸಿಲು ಮಳೆ ಕಾಣದ ಕೋಟೆಯ ಹಳೇ ಮಣ್ಣಿಗೆ ನವಸಾಗರ ಬೆರೆಸಿ ಉಜ್ಜಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಬೆಳ್ಳಗೆ ಉಳಿಯುತ್ತದೆ. ಮಣ್ಣಿನ ಗುಣವನ್ನು ನಾಲಿಗೆಗೆ ಹಚ್ಚಿ ನೋಡುವ ರೂಢಿ ಕಸುಬುದಾರರಲ್ಲಿದೆ. ಮಕ್ಕಳು ಅದನ್ನು ಅನುಕರಿಸದಂತೆ, ಮೈಲುತುತ್ತದ ಪಾತ್ರೆಯನ್ನು ಮುಟ್ಟದಂತೆ ನೋಡಿಕೊಳ್ಳಬೇಕು. ಮೈಲುತುತ್ತ ವಿಷ.

ಮಾತುಕತೆಗೆ ಪ್ರಶ್ನೆಗಳನ್ನು ಹಾಳೆಯಲ್ಲಿ ಬರೆದುಕೊಂಡು ಓದಿದರೆ ಎದುರಿನವರು ಒಂದೇ ಮಾತಿನಲ್ಲಿ ಉತ್ತರ ಕೊಟ್ಟು ಸುಮ್ಮನಾಗುತ್ತಾರೆ. ಕೈಯಲ್ಲಿರುವ ಕೆಲಸದಿಂದಲೇ ಮಾತು ಶುರುಮಾಡಬೇಕು. ‘ಚಾಚಾ, ಈ ಉಳಿ ನೀವೇ ಮಾಡ್ಕೊಂಡದ್ದೇನ್ರೀ?’ ಎಂದು ಒಬ್ಬಳು ಕೇಳಿದರೆ ಮುಂದಿನ ಹತ್ತು ನಿಮಿಷ ಅವರೇ ಹೇಳುತ್ತಾರೆ. ಕನ್ನಡ, ದಖನಿ, ಮರಾಠಿ, ತೆಲುಗು, ಯಾವುದರಲ್ಲಿ ಹೇಳಿದರೂ ಪ್ಯಾಟ್ರೋಲ್‌ನಲ್ಲಿ ತಿಳಿಯುವವಳು ಒಬ್ಬಳಾದರೂ ಇರುತ್ತಾಳೆ. ಅವಳೇ ಆ ದಿನದ ದುಭಾಷಿ. ತರಗತಿಯಲ್ಲಿ ಬಾಯಿ ಬಿಡದ ಹುಡುಗಿಗೆ ಈ ಪಾತ್ರ ಸಿಕ್ಕಾಗ ಅವಳ ನಿಲುವೇ ಬೇರೆಯಾಗುತ್ತದೆ. ಫೋಟೋ ತೆಗೆಯುವ ಮುಂಚೆ ಕೇಳಬೇಕು, ಹೆಸರು ಬರೆಯುವ ಮುಂಚೆಯೂ ಕೇಳಬೇಕು.

ನೀರಿನ ಜಾಡು ರೇಂಜರ್‌ಗಳಿಗೆ. ನೌಬಾದ್‌ನ ಕರೇಜ್ ನೆಲದಡಿಯ ಕಾಲುವೆ, ಪರ್ಷಿಯಾದ ವಿದ್ಯೆ. ನಡುನಡುವೆ ಇರುವ ಗಾಳಿಬಾವಿಗಳಿಂದ ಅಂದು ಮಣ್ಣು ಎತ್ತಿದರು, ಒಳಗೆ ಗಾಳಿ ಬೆಳಕು ಬಿಟ್ಟರು. ಬಾವಿಯ ಬಾಯಿಂದ ಬಾಯಿಗೆ ಮೇಲೆ ನಡೆದು ಕಾಲುವೆ ಎತ್ತ ಇಳಿಯುತ್ತದೆ ಎಂದು ಊಹಿಸುವುದಷ್ಟೇ ಕೆಲಸ. ಒಳಗೆ ಇಳಿಯುವಂತಿಲ್ಲ, ಅಂಚಿನಿಂದ ಎರಡು ಮೀಟರ್ ದೂರ. ಗುರುದ್ವಾರ ನಾನಕ್ ಝಿರಾದಲ್ಲಿ ತಲೆಗೆ ದುಪಟ್ಟಾ, ಬರಿಗಾಲು, ಎಲ್ಲರಿಗೂ ಬಡಿಸುವ ಲಂಗರ್‌ನಲ್ಲಿ ನೆಲದ ಮೇಲೆ ಊಟ. ಊಟವಾದ ಮೇಲೆ ಪಾತ್ರೆ ತೊಳೆಯುವ ಸೇವೆಗೆ ಕೈಹಚ್ಚಿದರೆ ಅದನ್ನೂ ಒಂದು ಕೆಲಸವೆಂದು ಬರೆದುಕೊಳ್ಳುತ್ತೇವೆ. ಸಿಖ್ಖರ ಖಾಲ್ಸಾಕ್ಕೆ ಮೊದಲು ಸೇರಿದ ಐವರಾದ ಪಂಚ್ ಪ್ಯಾರೆಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರ್‌ನವರು ಎಂದು ಅಲ್ಲಿಯವರೇ ಹೇಳುತ್ತಾರೆ. ನರಸಿಂಹ ಝರಣಿಯ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆಯಬೇಕು, ಗುಂಪಾಗಿ ಮಕ್ಕಳನ್ನು ಕರೆದೊಯ್ಯುವ ಜಾಗ ಅದಲ್ಲ. ಮನೆಯವರೊಡನೆ ಹೋಗಲಿ.

ಹೊತ್ತಿದ್ದರೆ ಅಷ್ಟೂರು. ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ತಂದ ಅಹಮದ್ ಶಾಹ ವಲಿಯ ಗೋರಿಯ ಒಳಗೋಡೆಗಳ ಬಣ್ಣ ನೋಡಲು ಕಣ್ಣು ಕತ್ತಲಿಗೆ ಒಗ್ಗುವವರೆಗೆ ಐದು ನಿಮಿಷ ಸುಮ್ಮನೆ ಕೂರಬೇಕು. ಫ್ಲ್ಯಾಶ್ ಬೇಡ. ಇಲ್ಲಿಯ ಜಾತ್ರೆಗೆ ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಬರುತ್ತಾರೆ. ಅಹಮದ್ ಶಾಹನನ್ನು ಅಲ್ಲಮಪ್ರಭುವೆಂದು ನಂಬಿ ನಡೆದುಕೊಳ್ಳುವವರಿದ್ದಾರೆ. ಇದನ್ನು ಮನೆಯ ಅಜ್ಜಿಯರ ಬಾಯಿಂದ ಕೇಳಿ ಬರೆದುಕೊಂಡು ಬರುವುದೂ ಒಂದು ಕೆಲಸ.

ಈಗ ಹುಡುಗಿಯರ ನಕ್ಷೆ. ಇದಿಲ್ಲದೆ ಈ ಬ್ಯಾಡ್ಜ್ ಯಾವ ಪ್ರವಾಸಿಯಾದರೂ ಗಳಿಸಬಹುದಾದ ಬ್ಯಾಡ್ಜ್. ಮೊದಲ ದಿನ ತಾವೇ ಬರೆದ ಕೈನಕ್ಷೆಯ ಮೇಲೆ ಪ್ರತಿಯೊಬ್ಬಳೂ ಮೂರು ಬಣ್ಣದ ಚುಕ್ಕೆ ಇಡಬೇಕು. ಗೆಳತಿಯರೊಡನೆ ಹತ್ತು ನಿಮಿಷ ನಿರಾತಂಕವಾಗಿ ನಿಲ್ಲಬಲ್ಲ ಜಾಗಕ್ಕೆ ಹಸಿರು, ದಾಟಿ ಹೋಗಬಲ್ಲೆ ನಿಲ್ಲಲಾರೆ ಎನ್ನುವಲ್ಲಿ ಹಳದಿ, ಸುತ್ತು ಹಾಕಿಯಾದರೂ ತಪ್ಪಿಸುವೆ ಎನ್ನುವಲ್ಲಿ ಕೆಂಪು. ಪಕ್ಕದಲ್ಲಿ ಕಾರಣ: ಬೀದಿದೀಪ ಇಲ್ಲ, ಕೂರಲು ಕಟ್ಟೆಯಿಲ್ಲ, ನಾಯಿಗಳು, ನಿಂತು ದಿಟ್ಟಿಸುವವರು, ಚರಂಡಿ. ಚುಕ್ಕೆಯನ್ನು ಒಬ್ಬೊಬ್ಬಳೇ ಇಡಬೇಕು, ಆಮೇಲಷ್ಟೇ ಒಟ್ಟುಗೂಡಿಸಬೇಕು. ಮೊದಲೇ ಒಟ್ಟಿಗೆ ಕೂರಿಸಿದರೆ ಧೈರ್ಯದ ಹುಡುಗಿ ಹಸಿರು ಎಂದದ್ದನ್ನು ಉಳಿದವರೂ ಹಸಿರು ಮಾಡುತ್ತಾರೆ. ಒಬ್ಬಳು ಕೆಂಪು ಇಟ್ಟರೆ ಆ ಜಾಗ ಕೆಂಪೇ. ‘ಅಲ್ಲೇನೈತಿ ಹೆದರಾಕ?’ ಎಂದು ಹಿರಿಯರು ವಾದಿಸಕೂಡದು. ಅವಳಿಗೆ ಏನಾದರೂ ಆಗಿದ್ದರೆ ಅದು ಹೊರಬರುವ ದಾರಿ ಅದೇ ಚುಕ್ಕೆಯಾಗಿರಬಹುದು. ಅಂಥ ಮಾತು ಬಂದರೆ ಕ್ಯಾಪ್ಟನ್ ಬೇರೆಯಾಗಿ ಕೂತು ಕೇಳಬೇಕು, ಅಗತ್ಯವಿದ್ದರೆ ಮಕ್ಕಳ ಸಹಾಯವಾಣಿ 1098.

ಒಟ್ಟುಗೂಡಿಸಿದ ನಕ್ಷೆಯಿಂದ ಒಂದೇ ಒಂದು ಬೇಡಿಕೆ ಆರಿಸಿ ನಗರಾಡಳಿತಕ್ಕೆ ಪತ್ರ ಬರೆಯುತ್ತಾರೆ. ಹತ್ತು ಬೇಡಿಕೆಯ ಪತ್ರ ಫೈಲಿಗೆ ಹೋಗುತ್ತದೆ. ‘ಈ ತಿರುವಿನ ಕಂಬಕ್ಕೆ ದೀಪ ಬೇಕು’ ಎಂಬ ಪತ್ರವನ್ನು ಯಾರಾದರೂ ಓದುತ್ತಾರೆ. ಕಂಬದ ಮೇಲೆ ಸಂಖ್ಯೆ ಇದ್ದರೆ ಅದನ್ನೂ ಬರೆಯಬೇಕು. ಪತ್ರವನ್ನು ಹುಡುಗಿಯರೇ ಒಯ್ದು ಟಪಾಲು ವಿಭಾಗದಲ್ಲಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಂಡು ಬರಬೇಕು. ಮೊಹರಿಲ್ಲದ ಪ್ರತಿಗೆ ನಾವು ಸಹಿ ಮಾಡುವುದಿಲ್ಲ.

ಬೀದಿಯಲ್ಲಿ ಹಿರಿಯರ ಜಾಗ ಪ್ಯಾಟ್ರೋಲ್‌ನ ಹಿಂದೆ, ಹತ್ತು ಹದಿನೈದು ಹೆಜ್ಜೆ ದೂರ. ಆರರಿಂದ ಎಂಟು ಹುಡುಗಿಯರಿಗೆ ಒಬ್ಬರು. ರಸ್ತೆ ದಾಟುವಾಗ ಮಾತ್ರ ಮುಂದೆ. ದಾರಿ ತಪ್ಪಿದರೆ ತಪ್ಪಲಿ, ಅವರೇ ಯಾರನ್ನಾದರೂ ಕೇಳಲಿ. ಜೊತೆಗೆ ಬಂದ ಶಿಕ್ಷಕಿಯರಿಗೆ ಇದೇ ಬಲು ಕಷ್ಟ, ಉತ್ತರ ನಾಲಿಗೆಯ ತುದಿಯಲ್ಲಿರುತ್ತದೆ. ಅಂಕ, ಮೊದಲ ಬಹುಮಾನ ಇಡಬೇಡಿ. ಇಟ್ಟರೆ ಓಟ ಶುರುವಾಗುತ್ತದೆ, ಓಡುವವರು ಏನನ್ನೂ ನೋಡುವುದಿಲ್ಲ, ಸ್ಕೂಟರ್ ಬರುವುದನ್ನೂ. ಪ್ಯಾಟ್ರೋಲ್‌ಗಳು ಬೇರೆ ಬೇರೆ ಜಾಗದಿಂದ ಶುರುಮಾಡಿದರೆ ಒಬ್ಬರನ್ನೊಬ್ಬರು ನಕಲು ಮಾಡುವುದೂ ತಪ್ಪುತ್ತದೆ.

ಚೀಲದಲ್ಲಿ ತಲಾ ಒಂದು ಲೀಟರ್ ನೀರು, ರೊಟ್ಟಿ ಶೇಂಗಾ ಹಿಂಡಿ ಅಥವಾ ಸುಸಲಾ, ಟೋಪಿ, ಗಟ್ಟಿ ರಟ್ಟು, ಪೆನ್ಸಿಲ್, ಸೀಟಿ. ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲಿ ಸ್ಯಾನಿಟರಿ ಪ್ಯಾಡ್, ಬಳಸಿದ್ದನ್ನು ಸುತ್ತಿಡಲು ಹಳೇ ಪತ್ರಿಕೆ, ಒಂದು ಗಾಢ ಬಣ್ಣದ ದುಪಟ್ಟಾ ಇರಲೇಬೇಕು. ಓಆರ್‌ಎಸ್ ಪೊಟ್ಟಣವನ್ನು ಪೂರ್ತಿ ಒಂದು ಲೀಟರಿಗೇ ಕಲಸಬೇಕು, ಅರ್ಧ ಬಾಟಲಿಗೆ ಸುರಿದರೆ ಉಪ್ಪು ಹೆಚ್ಚಾಗಿ ಕೆಡುಕೇ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಎತ್ತರದ ಕಮಾನಿನಲ್ಲಿ ಜೇನು ಕಂಡರೆ ಆ ಕೆಲಸವನ್ನು ಅಂದಿಗೆ ಬಿಟ್ಟುಬಿಡಿ, ಅಲ್ಲಿ ಸೀಟಿಯನ್ನೂ ಊದಬೇಡಿ.

ಬ್ಯಾಡ್ಜನ್ನು ಹೊಲಿಸುವುದಕ್ಕಿಂತ ಹೊಲಿಯುವುದು ಚೆಂದ. ಯಂತ್ರದ ಕಸೂತಿಯವರು ಕಡಿಮೆ ಸಂಖ್ಯೆಗೆ ಒಪ್ಪುವುದಿಲ್ಲ. ಕಪ್ಪು ಫೆಲ್ಟ್ ಬಟ್ಟೆ, 90 ಸೆಂಟಿಮೀಟರ್ ಅಗಲದ್ದು, ಒಂದು ಮೀಟರ್ ತಂದರೆ 8 ಸೆಂಟಿಮೀಟರ್ ಚೌಕದಂತೆ 132 ತುಂಡಾಗುತ್ತವೆ. ಅದರಲ್ಲಿ 7 ಸೆಂಟಿಮೀಟರಿನ ವೃತ್ತ ಕತ್ತರಿಸುವುದು. ನಡುವೆ ಚೌಬಾರಾ, ಸುತ್ತ ಬಿದ್ರಿಯ ಅಶ್ರಫಿ ಬೂಟಿ ಎಂಬ ಚಿತ್ತಾರ, ಎಲ್ಲ ಬಿಳಿ ದಾರದಲ್ಲಿ, ಸರಪಳಿ ಹೊಲಿಗೆಯಲ್ಲಿ. ಆರೆಳೆಯ ದಾರದಿಂದ ಎರಡೆಳೆ ಬಿಡಿಸಿ ಹೊಲಿದರೆ 8 ಮೀಟರಿನ ಒಂದು ಲಡಿಯಲ್ಲಿ ಐದಾರು ಬ್ಯಾಡ್ಜ್ ಆಗುತ್ತವೆ. ಕಪ್ಪು ಬಟ್ಟೆಯ ಮೇಲೆ ಪೆನ್ಸಿಲ್ ಕಾಣುವುದಿಲ್ಲ, ಒಣ ಸೋಪಿನ ಚೂರಿನಿಂದ ಗೆರೆ ಎಳೆಯಬೇಕು. ದಾರವನ್ನು ಬಿಗಿಯಾಗಿ ಎಳೆದರೆ ಫೆಲ್ಟ್ ಸುರುಟಿಕೊಳ್ಳುತ್ತದೆ.

ಯಾರು ಗಳಿಸಿದರು ಎಂಬುದನ್ನು ಪ್ಯಾಟ್ರೋಲ್ ಲೀಡರ್‌ಗಳು ಕೂರುವ ಕೋರ್ಟ್ ಆಫ್ ಆನರ್ ನಿರ್ಧರಿಸುತ್ತದೆ. ಲಾಗ್ ಪುಸ್ತಕ ಅಂದವಾಗಿದೆಯೇ ಎಂದು ನೋಡುವುದಿಲ್ಲ. ಯಾವುದಾದರೂ ಒಂದು ಪುಟ ತೆರೆದು ‘ಇದನ್ನು ಎಲ್ಲಿ ನಿಂತು ಬರೆದಿ?’ ಎಂದು ಕೇಳುತ್ತಾರೆ. ನಿಂತವಳು ಥಟ್ಟನೆ ಹೇಳುತ್ತಾಳೆ. ಮನೆಯಲ್ಲಿ ಕೆಲಸವಿತ್ತೆಂದೋ ಜ್ವರ ಬಂತೆಂದೋ ಒಂದು ನಡಿಗೆ ತಪ್ಪಿದವಳಿಗೆ ಬ್ಯಾಡ್ಜ್ ತಪ್ಪಬಾರದು. ಅವಳು ತಾಯಿಯನ್ನೋ ಅಕ್ಕನನ್ನೋ ಕರೆದುಕೊಂಡು ಅದೇ ದಾರಿಯಲ್ಲಿ ಹೋಗಿ, ಅದೇ ಹಾಳೆ ತುಂಬಿ ತರಬೇಕು. ಇದಕ್ಕೆ ಫೆಬ್ರುವರಿಯ ಮೊದಲ ಎರಡು ಭಾನುವಾರ ಬಿಟ್ಟಿರುತ್ತೇವೆ. ತಾಯಂದಿರ ಹಾಳೆಯನ್ನೂ ನಾವು ತೆಗೆದುಕೊಳ್ಳುತ್ತೇವೆ, ಅವರ ಚುಕ್ಕೆಗಳೂ ಅದೇ ನಕ್ಷೆಗೆ ಸೇರುತ್ತವೆ.